ನಾಯಕತ್ವದ ಪೇಪರೂ ಭಾಲ್ಕಿಯ ಎರಡು ಗಂಟುಗಳೂ

ಮನುಷ್ಯನಿಗೆ ಒಂದೊಂದು ವಯಸ್ಸಿಗೆ ಒಂದೊಂದು ಹುಚ್ಚು. ಐವತ್ತು ದಾಟಿದ ಮೇಲೆ ಕೆಲವರಿಗೆ ಬೆಳಗಿನ ವಾಕಿಂಗಿನ ಹುಚ್ಚು ಹಿಡಿಯುತ್ತದೆ, ಕೆಲವರಿಗೆ ಮೆಂತ್ಯ ನೆನೆಸಿ ಕುಡಿಯುವ ಹುಚ್ಚು. ನನಗೆ ಹಿಡಿದದ್ದು ಓದಿನ ಹುಚ್ಚು. ಇದಕ್ಕೆ ಜ್ಞಾನದ ಹಸಿವು ಕಾರಣ ಎಂದು ಹೇಳಿಕೊಳ್ಳಲು ನನಗೂ ಆಸೆ. ಆದರೆ ನಿಜವಾದ ಕಾರಣ ಬೀದರಿನ ಮೈಲೂರು ಬಡಾವಣೆಯಲ್ಲಿರುವ ನಮ್ಮ ಪಕ್ಕದ ಮನೆಯ ಗೇಟು. ಅಲ್ಲೊಬ್ಬ ನಿವೃತ್ತ ಮಾಸ್ತರರಿದ್ದಾರೆ. ಅವರ ಗೇಟಿನ ಕಲ್ಲಿನ ಫಲಕದಲ್ಲಿ ಹೆಸರು ಒಂದು ಸಾಲು, ಪದವಿಗಳು ಎರಡು ಸಾಲು. ನಮ್ಮ ಫಲಕದಲ್ಲಿ ಹೆಸರಿನ ಮುಂದೆ ಬಿ.ಎ. ಎಂಬ ಎರಡೇ ಅಕ್ಷರ, ಅದರಲ್ಲೂ ‘ಎ’ ಬಿಸಿಲು ಮಳೆಗೆ ಅರ್ಧ ಅಳಿಸಿ ಹೋಗಿದೆ. ಅಂಚೆಯವನು ಬಂದಾಗಲೆಲ್ಲ ಆ ಗೇಟಿನ ಮುಂದೆ ಗೌರವದಿಂದ ನಿಂತು ಗಂಟೆ ಒತ್ತುತ್ತಾನೆ, ನಮ್ಮಲ್ಲಿಗೆ ಮಾತ್ರ ಸೈಕಲ್ಲಿನಿಂದ ಇಳಿಯದೆಯೇ ಕಾಗದ ಎಸೆದು ಹೋಗುತ್ತಾನೆ ಎಂದು ನನಗೆ ಬಹಳ ವರ್ಷಗಳಿಂದ ಅನುಮಾನ. ಹೀಗಾಗಿ ಐವತ್ನಾಲ್ಕನೆಯ ವಯಸ್ಸಿನಲ್ಲಿ, ಬೀದರಿನಲ್ಲೇ ಶನಿವಾರ ಭಾನುವಾರ ನಡೆಯುವ ಆಡಳಿತ ನಿರ್ವಹಣೆಯ ಸ್ನಾತಕೋತ್ತರ ಕೋರ್ಸಿಗೆ ಸೇರಿಬಿಟ್ಟೆ.

ತರಗತಿಯಲ್ಲಿ ಎಲ್ಲರೂ ನನ್ನ ಮಗಳ ವಯಸ್ಸಿನವರು. ಮೊದಲ ದಿನ ನಾನು ಒಳಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ನಾನು ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತ ಮೇಲೆ, ಪಾಪ, ಅವರಿಗೆ ಕೂಡಬೇಕೋ ನಿಲ್ಲಬೇಕೋ ತಿಳಿಯಲಿಲ್ಲ. ಆಮೇಲೆ ನಿಜವಾದ ಪ್ರಾಧ್ಯಾಪಕಿ ಬಂದರು. ಅವರೂ ಮಗಳ ವಯಸ್ಸಿನವರೇ, ಮೈಸೂರಿನ ಕಡೆಯವರು, ಹೊಸದಾಗಿ ಬೀದರಿಗೆ ಬಂದವರು. ‘ಸಂಸ್ಥೆಗಳಲ್ಲಿ ನಾಯಕತ್ವ: ಸಿದ್ಧಾಂತ ಮತ್ತು ಪ್ರಯೋಗ’ ಎಂಬ ಪೇಪರು ಅವರದು. ಹೆಸರು ಕೇಳಿಯೇ ನನ್ನ ಬೆನ್ನು ನೆಟ್ಟಗಾಯಿತು. ಏಕೆಂದರೆ ನಾನು ಒಂದು ಕಚೇರಿಯ ಮ್ಯಾನೇಜರು, ನನ್ನ ಕೈಕೆಳಗೆ ಹನ್ನೆರಡು ಜನರಿದ್ದಾರೆ. ಯಾವ ಕಚೇರಿ ಎಂದು ಮಾತ್ರ ಕೇಳಬೇಡಿ. ಹೆಸರು ಬರೆದರೆ ನಾಳೆಯೇ ಮೇಲಿನವರಿಂದ ವಿವರಣೆ ಕೇಳಿ ಪತ್ರ ಬರುತ್ತದೆ.

ನಾಯಕರು ಹುಟ್ಟುತ್ತಲೇ ನಾಯಕರಾಗಿರುತ್ತಾರೆ ಎಂದು ಮೊದಲ ವಾರ ಕಲಿತೆವು. ಎರಡನೆಯ ವಾರ, ಇಲ್ಲ, ಅವರನ್ನು ತಯಾರಿಸಬಹುದು ಎಂದು ಕಲಿತೆವು. ಮೂರನೆಯ ವಾರಕ್ಕೆ ಎಲ್ಲವೂ ಸಂದರ್ಭವನ್ನು ಅವಲಂಬಿಸಿರುತ್ತದೆ ಎಂದಾಯಿತು. ಇಷ್ಟನ್ನೇ ಹೇಳುವುದಿದ್ದರೆ ಮೊದಲ ಎರಡು ವಾರ ನನ್ನನ್ನು ಯಾಕೆ ಕೂರಿಸಿದರು ಎಂದು ಸಿಟ್ಟು ಬಂದರೂ ಅಚ್ಚುಕಟ್ಟಾಗಿ ನೋಟ್ಸ್ ಬರೆದುಕೊಂಡೆ. ಮನೆಗೆ ಬಂದು ಹೆಂಡತಿ ಶೋಭಾಳಿಗೆ ಸೇವಕ ನಾಯಕತ್ವದ ಬಗ್ಗೆ ವಿವರಿಸಿದೆ. ನಿಜವಾದ ನಾಯಕ ತನ್ನವರ ಸೇವೆಗೆ ಸದಾ ಸಿದ್ಧನಿರುತ್ತಾನೆ, ಅಪ್ಪಣೆ ಮಾಡುವುದಿಲ್ಲ ಎಂದೆ. ಅವಳು ಕೇಳಿಸಿಕೊಂಡು, “ಹಂಗಾದ್ರ ನಲ್ಲಿ ನೀರು ಬಂದದ, ಮ್ಯಾಲಿನ ಟಾಕಿ ತುಂಬಿಸಿ ಬರ್ರಿ” ಎಂದಳು. ಅಂದಿನಿಂದ ಮನೆಯಲ್ಲಿ ಸಿದ್ಧಾಂತ ಹೇಳುವುದನ್ನು ಕಡಿಮೆ ಮಾಡಿದೆ.

ತೊಂದರೆ ಶುರುವಾದದ್ದು ಸಿದ್ಧಾಂತದಿಂದಲ್ಲ, ಪ್ರಯೋಗದಿಂದ. ಪ್ರತಿಯೊಬ್ಬರೂ ತಮ್ಮ ಸಂಸ್ಥೆಯಲ್ಲಿ ಒಂದು ಅಧ್ಯಯನ ಮಾಡಿ ವರದಿ ಬರೆಯಬೇಕಿತ್ತು. ಮೇಡಂ ನನಗೆ ಕೊಟ್ಟದ್ದು ಸುಲಭದ ಕೆಲಸ: ನನ್ನ ಕೈಕೆಳಗಿನವರಿಗೆ ಒಂದು ಪ್ರಶ್ನಾವಳಿ ಹಂಚುವುದು, ನನ್ನ ನಾಯಕತ್ವದ ಬಗ್ಗೆ ಅವರು ಮುಚ್ಚುಮರೆಯಿಲ್ಲದೆ ಅಂಕ ಕೊಡುವುದು, ನಾನು ಅದನ್ನು ವಿಶ್ಲೇಷಿಸುವುದು. “ಯಾರೂ ಹೆಸರು ಬರೀಬಾರದು ಸರ್, ಸಹಿ ಮಾಡಬಾರದು. ಆಗಲೇ ಜನ ನಿಜ ಹೇಳ್ತಾರೆ” ಎಂದು ಅವರು ಎರಡೆರಡು ಸಲ ಹೇಳಿದ್ದರು. ನಾನೂ ಕಚೇರಿಯಲ್ಲಿ ಎರಡೆರಡು ಸಲ ಹೇಳಿದೆ.

ಮೂರು ದಿನದ ಮೇಲೆ ಹನ್ನೆರಡೂ ಪ್ರಶ್ನಾವಳಿಗಳು ಒಂದು ಫೈಲಿನಲ್ಲಿ ಅಂದವಾಗಿ ಪೋಣಿಸಿಕೊಂಡು ನನ್ನ ಮೇಜಿಗೆ ಬಂದವು. ಪ್ರತಿಯೊಂದರ ಕೆಳಗೆ ಸಹಿ, ಸಹಿಯ ಕೆಳಗೆ ಹುದ್ದೆ, ಪಕ್ಕದಲ್ಲಿ ಕಚೇರಿಯ ದುಂಡನೆಯ ಮೊಹರು, ಮೇಲೆ ಆವಕ ಪುಸ್ತಕದ ನಂಬರು. ಕಾಗದ ಬರುವ ಹೋಗುವ ಲೆಕ್ಕ ಇಡುವ ನಮ್ಮ ವಿಠಲರಾಯರನ್ನು ಕರೆದು ಇದೇನು ಎಂದು ಕೇಳಿದೆ. ಅವರು ನನ್ನ ಅಜ್ಞಾನಕ್ಕೆ ಮರುಗಿದವರಂತೆ ನೋಡಿ, “ಸಹಿ ಇಲ್ಲದ ಕಾಗದಕ್ಕ ನಂಬರ ಹ್ಯಾಂಗ ಕೊಡ್ಲಿರಿ ಸಾಹೇಬ್ರೆ? ನಾಳಿ ಯಾರರೆ ಬಂದು ಈ ಕಾಗದ ಯಾರ್ದು ಅಂತ ಕೇಳಿದ್ರ, ನಿಮ್ಮ ಮ್ಯಾಲೇ ಬರ್ತದ ನೋಡ್ರಿ” ಎಂದರು. ಎಲ್ಲರೂ ಎಲ್ಲ ಪ್ರಶ್ನೆಗಳಿಗೂ ಐದಕ್ಕೆ ಐದು ಕೊಟ್ಟಿದ್ದರು. ‘ನಿಮ್ಮ ಮೇಲಧಿಕಾರಿ ಕಾರಣವಿಲ್ಲದೆ ರೇಗುತ್ತಾರೆಯೇ’ ಎಂಬ ಪ್ರಶ್ನೆಗೂ ಐದಕ್ಕೆ ಐದು. ಒಬ್ಬರಂತೂ ಬೇರೆ ಹಾಳೆಯನ್ನೇ ಲಗತ್ತಿಸಿ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಾವು ಉತ್ತಮ ನಾಯಕರಿರುತ್ತೀರಿ ಎಂದು ಈ ಮೂಲಕ ದೃಢೀಕರಿಸಲಾಗಿದೆ ಎಂದು ಬರೆದಿದ್ದರು. ಸುಳ್ಳೇಕೆ ಹೇಳಲಿ, ಆ ಹಾಳೆಯನ್ನು ನಾನು ಎರಡು ಸಲ ಓದಿದೆ.

ಮೇಡಂ ಫೈಲನ್ನು ತಿರುವಿ ಹಾಕಿ ಮುಚ್ಚಿಟ್ಟರು. “ಸರ್, ತಪ್ಪು ತಿಳ್ಕೋಬೇಡಿ. ಇದು ಸಮೀಕ್ಷೆ ಅಲ್ಲ, ಸನ್ಮಾನ ಪತ್ರ” ಎಂದರು. ಮತ್ತೆ ಹಂಚಿದರೂ ಇದೇ ಬರುತ್ತದೆ ಎಂದು ನಾನೇ ಒಪ್ಪಿಕೊಂಡೆ. ಕೊನೆಗೆ ಅವರೇ ಒಂದು ದಾರಿ ಹೇಳಿದರು. ನೀವು ಹತ್ತಿರದಿಂದ ಕಂಡ ಒಬ್ಬ ಒಳ್ಳೆಯ ನಾಯಕರ ಬಗ್ಗೆ ಬರೆಯಿರಿ, ಅವರು ನಾಯಕರು ಎಂದು ತೋರಿಸುವ ಒಂದು ಘಟನೆ ಇರಲಿ, ಅವರನ್ನು ಭೇಟಿಯಾಗಿ ಮಾತಾಡಿಸಿ ಬನ್ನಿ, ಆದರೆ ವರದಿಯಲ್ಲಿ ಯಾರ ಹೆಸರೂ ಬೇಡ, ‘ಒಬ್ಬ ಮ್ಯಾನೇಜರು’, ‘ಒಬ್ಬ ಗುಮಾಸ್ತ’ ಎಂದಷ್ಟೇ ಇರಲಿ ಎಂದರು. ಇದೂ ಆಗದಿದ್ದರೆ ಈ ಪೇಪರನ್ನು ಮುಂದಿನ ವರ್ಷದ ಮಕ್ಕಳ ಜೊತೆ ಮತ್ತೆ ಕುಳಿತು ಓದಬೇಕಾಗುತ್ತದೆ ಎಂದೂ ಮೆಲ್ಲಗೆ ಸೇರಿಸಿದರು. ನಾನು ಕೋರ್ಸಿಗೆ ಸೇರಿದ ದಿನವೇ ಕಲ್ಲು ಕೆತ್ತುವವನಿಗೆ ಹೊಸ ಫಲಕಕ್ಕೆ ಹೇಳಿಬಿಟ್ಟಿದ್ದೆ. ಅವನು ಆಗಲೇ ಎರಡು ಸಲ ಫೋನು ಮಾಡಿದ್ದ.

ನಾಯಕರು ಯಾರು ಎಂದು ನಾನು ಒಂದು ಕ್ಷಣವೂ ಯೋಚಿಸಬೇಕಾಗಲಿಲ್ಲ. ನನ್ನ ಪಾಲಿಗೆ ಇದ್ದವರು ಒಬ್ಬರೇ, ಗೌಸ್ ಸಾಹೇಬರು. ಮೂವತ್ತು ವರ್ಷದ ಹಿಂದೆ ನಾನು ಗುಮಾಸ್ತನಾಗಿ ಮೊದಲು ಸೇರಿದ ಭಾಲ್ಕಿಯ ಕಚೇರಿಗೆ ಅವರು ಮ್ಯಾನೇಜರಾಗಿದ್ದರು. ರೈಲ್ವೆ ಸ್ಟೇಷನ್ನಿನ ಹಾದಿಯಲ್ಲಿ ಬಾಡಿಗೆಯ ಎರಡು ಕೋಣೆ, ನೆಲಕ್ಕೆ ಶಹಾಬಾದ ಕಲ್ಲು, ಕಿಟಕಿಯ ಹೊರಗೆ ಕಬ್ಬಿನ ಗಾಡಿಗಳು. ರೈಲು ಬಂದಾಗ ಗೋಡೆಯ ಗಡಿಯಾರ ನಡುಗುತ್ತಿತ್ತು, ಸಾಹೇಬರು ಅದನ್ನು ನೋಡಿ, “ರೈಲು ಬರಾಬ್ಬರ ಅದ, ನಮ್ಮ ಗಡಿಯಾರ ಲೇಟ್ ಅದ” ಎಂದು ಮುಳ್ಳು ತಿರುಗಿಸುತ್ತಿದ್ದರು. ಎತ್ತರದ ಆಳು, ಇಸ್ತ್ರಿ ಮಾಡಿದ ಬಿಳಿ ಅಂಗಿ, ಶುಕ್ರವಾರ ಮಾತ್ರ ಅತ್ತರಿನ ಘಮ. ಬೆಳಿಗ್ಗೆ ಕಚೇರಿಗೆ ಬಂದ ಕೂಡಲೇ ಅವರು ಮೊದಲು ಸಲಾಂ ಮಾಡುತ್ತಿದ್ದದ್ದು ಬಾಗಿಲಲ್ಲಿ ಕೂತ ಜವಾನನಿಗೆ. ನಾನು ಸೇರಿದ ಹೊಸತರಲ್ಲಿ ಮೇಲಿನ ಕಚೇರಿಯವರ ಮೇಲೆ ಸಿಟ್ಟಿನಿಂದ ಒಂದು ಉತ್ತರ ಬರೆದಿದ್ದೆ. ಅವರು ಓದಿಸಿಕೊಂಡು ಕೇಳಿ, ಹರಿದು ಬುಟ್ಟಿಗೆ ಹಾಕಿ, “ಬಸೂ, ಬೈಯೋದಿದ್ರ ಬಾಯಿಲೆ ಬೈ, ಸಂಜಿಗಿ ಮರ್ತು ಹೋಗ್ತದ. ಕಾಗದದಾಗ ಬೈದದ್ದು ಹೋಗಂಗಿಲ್ಲ” ಎಂದಿದ್ದರು. ನಾನು ಇವತ್ತಿಗೂ ಅದನ್ನೇ ನನ್ನ ಹೊಸ ಹುಡುಗರಿಗೆ ಹೇಳುತ್ತೇನೆ. ಮಧ್ಯಾಹ್ನ ಅವರ ಡಬ್ಬಿಯೂ ನಮ್ಮ ಡಬ್ಬಿಯೂ ಒಂದೇ ಮೇಜಿನ ಮೇಲೆ ಬಿಚ್ಚಿಕೊಳ್ಳುತ್ತಿದ್ದವು. ನಮ್ಮವ್ವನ ಶೇಂಗಾ ಹಿಂಡಿಗೆ ಅವರು ಕಾಯುತ್ತಿದ್ದರು, ಅವರ ಮನೆಯ ಖಟ್ಟಾ ಬೇಳೆಗೆ ನಾನು. ಆ ಎರಡು ಕೋಣೆಗಳಲ್ಲಿ ನಾನು ಕಳೆದ ನಾಲ್ಕು ವರ್ಷದಷ್ಟು ಸುಖವಾಗಿ ಮುಂದೆ ಯಾವ ಕಚೇರಿಯಲ್ಲೂ ಇರಲಿಲ್ಲ. ಈಗ ನನಗೆ ತಿರುಗುವ ಕುರ್ಚಿ ಇದೆ, ಗಾಜಿನ ಕೋಣೆ ಇದೆ, ಡಬ್ಬಿಯನ್ನು ಒಬ್ಬನೇ ಉಣ್ಣುತ್ತೇನೆ.

ಇನ್ನು ಆ ಘಟನೆ. ಆಗ ನಮ್ಮ ಕಡೆ ತುರ್ತಿನ ಕಾಗದಗಳನ್ನು ಅಂಚೆಗೆ ಹಾಕುತ್ತಿರಲಿಲ್ಲ, ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದೆವು. ಗಂಟು ಕಟ್ಟಿ, ಮೇಲೆ ಊರಿನ ಚೀಟಿ ಹಚ್ಚಿ, ಬಸ್‌ಸ್ಟ್ಯಾಂಡಿನಲ್ಲಿ ಡ್ರೈವರನ ಸೀಟಿನ ಹಿಂದೆ ಇಟ್ಟು ಬಂದು, ಆ ಊರಿನ ಕಚೇರಿಗೆ ಫೋನು ಮಾಡಿ ‘ಗಂಟು ಬಿಟ್ಟದ’ ಎಂದು ಹೇಳಿದರೆ ಅಲ್ಲಿಯ ಜವಾನ ಬಂದು ಚೀಟಿ ಓದುವ ಗೋಜಿಗೂ ಹೋಗದೆ ಇಳಿಸಿಕೊಳ್ಳುತ್ತಿದ್ದ. ಅವತ್ತು ಎರಡು ಗಂಟುಗಳಿದ್ದವು. ಒಂದು ಸಣ್ಣದು, ಬೀದರಿನ ದೊಡ್ಡ ಕಚೇರಿಗೆ, ಮರುದಿನ ಸಾಹೇಬರುಗಳ ಮೀಟಿಂಗಿಗೆ ಬೇಕಾದ ವರ್ಷದ ಲೆಕ್ಕದ ತಖ್ತೆಗಳು ಅದರಲ್ಲಿದ್ದವು. ಇನ್ನೊಂದು ದೊಡ್ಡದು, ಔರಾದಿನ ಸಣ್ಣ ಕಚೇರಿಗೆ, ಅದರಲ್ಲಿ ಹಳೆಯ ಪರದೆಗಳು, ಮೇಜು ಒರೆಸುವ ಬಟ್ಟೆ, ಎರಡು ಕಸಬರಿಗೆ. ಎರಡನ್ನೂ ಕಟ್ಟಿದವನು ನಾನು, ಚೀಟಿ ಬರೆದವನೂ ನಾನು. ಬಸ್‌ಸ್ಟ್ಯಾಂಡಿಗೆ ಒಯ್ದು ಇಟ್ಟವರು ಗೌಸ್ ಸಾಹೇಬರು, ಅವರು ಆ ಹೊತ್ತಿಗೆ ಪಾನ್ ಹಾಕಿಕೊಳ್ಳಲು ಹೇಗೂ ಆ ಕಡೆ ಹೋಗುತ್ತಿದ್ದರು. ಮರುದಿನ ನಾನು ರಜೆ. ಕನ್ಯೆ ನೋಡಲು ಔರಾದಿಗೆ ಹೋಗುವುದಿತ್ತು. ಆ ಕನ್ಯೆಯೇ ಈಗ ಮೇಲಿನ ಟಾಕಿ ತುಂಬಿಸಲು ಹೇಳುವ ಶೋಭಾ.

ಬೀದರಿನ ಮೀಟಿಂಗಿನಲ್ಲಿ ಹಿರಿಯ ಅಧಿಕಾರಿ ಎಲ್ಲರೆದುರು ಗಂಟು ಬಿಚ್ಚಿದರೆ ಒಳಗೆ ಹಳೆಯ ಪರದೆ, ಪರದೆಯ ನಡುವೆ ಎರಡು ಕಸಬರಿಗೆ. ನಾನು ಕನ್ಯೆ ಒಪ್ಪಿಕೊಂಡು ಹಿಗ್ಗುತ್ತ ಕಚೇರಿಗೆ ಬಂದ ದಿನವೇ ಆ ಅಧಿಕಾರಿಯ ಜೀಪು ಬಂದು ಬಾಗಿಲಲ್ಲಿ ನಿಂತಿತು. ಚೀಟಿಗಳು ಗಂಟು ಬಿಚ್ಚುವಾಗಲೇ ಹರಿದು ಹೋಗಿದ್ದವು. ನನಗೆ ಅನುಮಾನವೇ ಉಳಿಯಲಿಲ್ಲ. ಅವತ್ತು ನನ್ನ ತಲೆಯ ತುಂಬ ಔರಾದವೇ ಇತ್ತು, ಕೈ ತಪ್ಪಿ ಸಣ್ಣ ಗಂಟಿಗೆ ಔರಾದ ಎಂದು ಬರೆದುಬಿಟ್ಟಿದ್ದೇನೆ ಎಂದುಕೊಂಡೆ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಅಧಿಕಾರಿ ನಿಂತಲ್ಲೇ ಕೂಗಿದರು, “ಯಾರ ಕೆಲಸ ಇದು?” ನಾನು ಕಪಾಟಿನ ಪಕ್ಕದಲ್ಲಿ ಗೋಂದಿನ ಬಾಟಲಿ ಹಿಡಿದು ನಿಂತಿದ್ದೆ. ಗೌಸ್ ಸಾಹೇಬರು ಎದ್ದು ನಿಂತು, “ಹುಜೂರ್, ಗಲತಿ ನಂದೇ ಅದ. ಬ್ಯಾರೆ ಯಾರಿಗೂ ಕೇಳೋದು ಜರೂರ ಇಲ್ರಿ” ಎಂದರು. ಅರ್ಧ ಗಂಟೆ ಅವರು ಬೈಗುಳ ತಿಂದರು. ಲಿಖಿತ ಎಚ್ಚರಿಕೆಯೂ ಬಂತು. ಜೀಪು ಹೋದ ಮೇಲೆ ಸಾಹೇಬರು ಜವಾನನಿಗೆ ಚಹಾ ಹೇಳಿದರು, ನನ್ನ ಮುಂದೆಯೂ ಒಂದು ಕಪ್ಪು ಇಡಿಸಿದರು. ಆ ಚಹಾದ ರುಚಿ ಇವತ್ತಿಗೂ ನಾಲಿಗೆಯ ಮೇಲಿದೆ.

ಕೈಕೆಳಗಿನವನ ತಪ್ಪನ್ನು ತನ್ನ ತಲೆಯ ಮೇಲೆ ಹೊತ್ತುಕೊಂಡ ಮನುಷ್ಯ! ಇದಕ್ಕಿಂತ ದೊಡ್ಡ ನಾಯಕತ್ವ ಯಾವ ಪುಸ್ತಕದಲ್ಲಿದೆ? ಮೂವತ್ತು ವರ್ಷ ನಾನು ಈ ಕಥೆಯನ್ನು ಮದುವೆಗಳಲ್ಲಿ ಹೇಳಿದ್ದೇನೆ, ಬೀಳ್ಕೊಡುಗೆ ಸಮಾರಂಭಗಳಲ್ಲಿ ಹೇಳಿದ್ದೇನೆ. ಮನೆಯಲ್ಲಿ ಹೇಳುವಾಗ ಮಾತ್ರ ಸ್ವಲ್ಪ ಬದಲು: ನಿನ್ನ ಧ್ಯಾನದಲ್ಲೇ ಚೀಟಿ ತಪ್ಪಿದೆ ನೋಡು ಎಂದು ಶೋಭಾಳನ್ನು ಕಾಡುತ್ತಿದ್ದೆ. ವರದಿಯ ಅಧ್ಯಾಯವನ್ನು ಒಂದೇ ಸಲಕ್ಕೆ ಕೂತು ಬರೆದು ಮುಗಿಸಿದೆ. ಮೇಡಂ ಹೇಳಿದಂತೆ ನನ್ನನ್ನು ‘ಒಬ್ಬ ಗುಮಾಸ್ತ’ ಎಂದು ಕರೆದುಕೊಂಡೆ. ತನ್ನ ಕಥೆಯನ್ನೇ ಬರೆದುಕೊಂಡ ಎನ್ನಿಸಿಕೊಳ್ಳುವುದೂ ತಪ್ಪಿತು. ಇನ್ನು ಉಳಿದದ್ದು ಸಾಹೇಬರ ಭೇಟಿ, ಅವರ ನಾಲ್ಕು ಮಾತು.

ಸಾಹೇಬರು ಈಗ ಸಂತಪುರದಲ್ಲಿ ಮಗನ ಮನೆಯಲ್ಲಿದ್ದಾರೆ. ಒಂದು ಬೆಳಿಗ್ಗೆ ಔರಾದಿನ ಬಸ್ಸು ಹತ್ತಿ ಸಂತಪುರದಲ್ಲಿ ಇಳಿದೆ. ಮಗನದು ಬಟ್ಟೆಯ ಅಂಗಡಿ, ಮನೆ ಅದರ ಹಿಂದೆಯೇ. ಅಂಗಡಿಯಲ್ಲಿ ನಾಲ್ಕು ಜನ ಹೆಂಗಸರು ಸೀರೆ ಹರವಿಕೊಂಡಿದ್ದರು, ಅವರ ನಡುವೆ ಸಾಹೇಬರು ಗಾದಿಯ ಮೇಲೆ ಕೂತು ಯಾವ ಬಣ್ಣ ಯಾರಿಗೆ ಒಪ್ಪುತ್ತದೆ ಎಂದು ತೀರ್ಪು ಕೊಡುತ್ತಿದ್ದರು. ಬಿಳಿ ಗಡ್ಡ ಬಿಟ್ಟಿದ್ದಾರೆ. ಕಣ್ಣಿಗೆ ದಪ್ಪ ಗಾಜಿನ ಚಶ್ಮಾ. ನನ್ನ ದನಿ ಕೇಳಿದ ಕೂಡಲೇ, “ಅರೆ, ಬಸೂ! ಭಾಲ್ಕಿ ಬಸೂ!” ಎಂದು ಎದ್ದು ಅಪ್ಪಿಕೊಂಡರು. ಸೊಸೆ ಚಹಾ ತಂದಳು, ಜೊತೆಗೆ ಮಂಡಕ್ಕಿಯ ಸೂಸಲಾ, ಭಜಿ. ನಾವು ಕಬ್ಬಿನ ಗಾಡಿ, ಗಡಿಯಾರ, ಹಿಂಡಿ, ಖಟ್ಟಾ ಬೇಳೆ ಎಲ್ಲವನ್ನೂ ನೆನೆದೆವು. ನಮ್ಮವ್ವ ತೀರಿಕೊಂಡದ್ದು ಕೇಳಿ ಅವರು ಕೈಯಲ್ಲಿದ್ದ ಭಜಿಯನ್ನು ತಟ್ಟೆಗೆ ಮರಳಿ ಇಟ್ಟರು.

ಆಮೇಲೆ ನಾನು ಅಧ್ಯಾಯ ತೆಗೆದು ಓದಲು ಶುರುಮಾಡಿದೆ. ಸ್ವಲ್ಪ ನಾಟಕೀಯವಾಗಿಯೇ ಓದಿದೆ. ‘ಗುಮಾಸ್ತನು ಊರಿನ ಹೆಸರುಗಳನ್ನು ಅದಲುಬದಲು ಮಾಡಿದ್ದನು’ ಎಂಬಲ್ಲಿ ಸಾಹೇಬರು ಕತ್ತೆತ್ತಿದರು. ‘ಮ್ಯಾನೇಜರು ಆತನ ತಪ್ಪನ್ನು ತಾವೇ ಹೊತ್ತುಕೊಂಡರು’ ಎಂಬಲ್ಲಿ ಅವರಿಗೆ ನಗು ಶುರುವಾಯಿತು. ನಕ್ಕು ನಕ್ಕು ಕೆಮ್ಮು ಬಂದು ಸೊಸೆ ನೀರು ತಂದು ಕೊಡಬೇಕಾಯಿತು.

“ಯಾವ ತಪ್ಪೋ ನಿಂದು? ನೀ ಚೀಟಿ ಬರಾಬ್ಬರ ಬರ್ದಿದ್ದಿ. ಗಂಟು ಅದ್ಲಿ ಬದ್ಲಿ ಇಟ್ಟಾವ ನಾನು!”

“ಏನಂತೀರಿ ಸಾಹೇಬ್ರೆ?”

“ಮತ್ತೇನು! ಆಗಲೇ ನನ್ನ ಕಣ್ಣು ಮಂಜಾಗಿದ್ವು. ಚಶ್ಮಾ ಕಿಸೆದಾಗ ಇತ್ತು, ಬಜಾರದಾಗ ಹಾಕ್ಕೊಳ್ಳಾಕ ಶರಮ್. ಚೀಟಿ ಓದ್ಲೇ ಇಲ್ಲ. ಬೀದರ ದೊಡ್ಡ ಊರು, ದೊಡ್ಡ ಗಂಟು ಅಲ್ಲಿಗೇ ಹೋಗೋದಿರ್ತದ ಅಂತ ತಿಳದು ಬೀದರ ಬಸ್ಸಿಗಿ ಇಟ್ಟೆ. ಔರಾದ ಸಣ್ಣದು, ಅಲ್ಲಿಗಿ ಸಣ್ಣ ಗಂಟು. ಹಿಸಾಬ ಸರಿ ಅದ ಇಲ್ಲೋ ನೀನೇ ಹೇಳು!”

ನಾನು ಅಧ್ಯಾಯ ಹಿಡಿದುಕೊಂಡು ಕೂತೆ. ಮೂವತ್ತು ವರ್ಷದ ಕೃತಜ್ಞತೆಯನ್ನು ಎಲ್ಲಿ ಇಡಬೇಕು ಎಂದು ತಿಳಿಯಲಿಲ್ಲ. ಪರೀಕ್ಷೆಗೆ ವಾರವಷ್ಟೇ ಉಳಿದಿತ್ತು, ನನ್ನ ವರದಿಯ ನಾಯಕ ಕಣ್ಣೆದುರೇ ಭಜಿ ತಿನ್ನುತ್ತ ನಾಯಕನಲ್ಲ ಎಂದು ಹೇಳುತ್ತಿದ್ದರು. “ತಪ್ಪು ಮಾಡಿದಾವ ತಪ್ಪು ಒಪ್ಕೊಂಡ್ರ ಅದರಾಗ ದೊಡ್ಡತನ ಏನದ ಬಸೂ? ಅಷ್ಟಕ್ಕ ಕಿತಾಬ ಬರೀತಾರೇನು?” ಎಂದು ಅವರೇ ಕೇಳಿದರು.

ನನಗೆ ಸ್ವಲ್ಪ ಸಿಟ್ಟೇ ಬಂತು. “ಹಂಗಾದ್ರ ಅವತ್ತೇ ನನಗ ಯಾಕ ಹೇಳಲಿಲ್ರಿ? ತಪ್ಪು ನಂದೇ ಅಂತ ಇಷ್ಟು ವರ್ಷ ತಿಳ್ಕೊಂಡೇ ಬಂದೀನಲ್ಲ” ಎಂದೆ.

ಅವರು ಚಶ್ಮಾ ತೆಗೆದು ಅಂಗಿಯ ತುದಿಯಿಂದ ಒರೆಸಿದರು. “ನೀ ಹಂಗ ತಿಳ್ಕೊಂಡೀದಿ ಅಂತ ನಿನ್ನ ಮಾರಿ ನೋಡೇ ಗೊತ್ತಾಗಿತ್ತು. ಹೇಳಬೇಕಂತಲೇ ಇದ್ದೆ. ಮದಲ ನೀ ಬರ್ತಿ ಅಂತ ಕಾದೆ. ‘ಸಾಹೇಬ್ರೆ, ಚೀಟಿ ಬರ್ದಾವ ನಾನು, ನನ್ನ ಸಲುವಾಗಿ ನೀವು ಬೈಸ್ಕೊಂಡ್ರಿ’ ಅಂತ ಬಂದು ಅಂತಿ, ಆಗ ನಕ್ಕು ಖರೆ ಹೇಳೋಣ ಅಂತ. ನಾಕು ದಿನ ಕಾದೆ. ನೀ ಬರ್ಲಿಲ್ಲ. ಆಮ್ಯಾಲ ನಂದೂ ಹಂಗೇ ಉಳದು ಹೋಯ್ತು. ಚಾಕರಿ ಕಾಯಂ ಆಗದ ಹುಡುಗ, ಅಂಜಿಕಿ ಇರ್ತದ ಅಂತ ಬಿಟ್ಟೆ.” ದನಿಯಲ್ಲಿ ಆಕ್ಷೇಪಣೆಯ ಸುಳಿವೂ ಇರಲಿಲ್ಲ. ನನ್ನ ಮೊಣಕಾಲ ಮೇಲೆ ಕೈಯಿಟ್ಟು, “ನಾನೂ ಸುಮ್ಮನಿದ್ದೆ, ನೀನೂ ಸುಮ್ಮನಿದ್ದಿ. ಬರಾಬ್ಬರ ಆಯ್ತು, ಭಜಿ ತಿನ್ನು” ಎಂದರು.

ಬರಾಬ್ಬರ ಆಗಿರಲಿಲ್ಲ, ಅದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಸಂತಪುರದಿಂದ ಬೀದರಿಗೆ ಬರುವ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನಾನು ಆ ನಾಲ್ಕು ದಿನಗಳನ್ನು ಒಂದೊಂದಾಗಿ ನೆನಪು ಮಾಡಿಕೊಳ್ಳಲು ನೋಡಿದೆ. ಹೊರಗೆ ತೊಗರಿ ಹೊಲಗಳ ಬದುವಿನಲ್ಲಿ ಕುರಿಗಳು ಸಾಗುತ್ತಿದ್ದವು. ಬಟ್ಟೆ ಹೊಲಿಸಲು ದರ್ಜಿಯ ಹತ್ತಿರ ಹೋದದ್ದು ನೆನಪಾಯಿತು, ಸ್ನೇಹಿತರಿಗೆ ಕನ್ಯೆಯ ವಿಷಯ ಹೇಳಿ ಪೇಡೆ ಹಂಚಿದ್ದು ನೆನಪಾಯಿತು, ಸಾಹೇಬರಿಗೂ ಒಂದು ಪೇಡೆ ಕೊಟ್ಟಿದ್ದೆ. ಅವರು ಪೇಡೆ ಹಿಡಿದುಕೊಂಡು ನನ್ನ ಮುಖ ನೋಡುತ್ತ ಸ್ವಲ್ಪ ಹೊತ್ತು ನಿಂತಿದ್ದರು. ನಾನು ಇನ್ನೊಂದು ಪೇಡೆ ಬೇಕೇನೋ ಎಂದುಕೊಂಡು ಡಬ್ಬಿಯನ್ನೇ ಮುಂದೆ ಹಿಡಿದಿದ್ದೆ. ನನಗೆ ತುಂಬ ನಾಚಿಕೆಯಾಯಿತು. ಮೂವತ್ತು ವರ್ಷ ಒಬ್ಬರ ಧೈರ್ಯವನ್ನು ಊರೆಲ್ಲ ಹೊಗಳಿದವನಿಗೆ, ಆ ಕಥೆಯಲ್ಲಿ ತಾನು ಕಪಾಟಿನ ಪಕ್ಕದಿಂದ ಕದಲಲೇ ಇಲ್ಲ ಎಂಬುದು ಒಂದು ಸಲವೂ ಹೊಳೆದಿರಲಿಲ್ಲ. ಎಷ್ಟು ಮದುವೆಗಳಲ್ಲಿ ಹೇಳಿದ್ದೆ! ಕೇಳಿದವರಲ್ಲಿ ಯಾರಿಗಾದರೂ ಹೊಳೆದಿರಬಹುದು, ಊಟದ ಹೊತ್ತಿನಲ್ಲಿ ಯಾಕೆ ಎಂದು ಸುಮ್ಮನಿದ್ದಿರಬಹುದು.

ಮನೆಗೆ ಬಂದು ಶೋಭಾಳಿಗೆ ಎಲ್ಲ ಹೇಳಿದೆ. ಅವಳು ಜೋಳದ ಹಿಟ್ಟು ಸಾಣಿಸುವುದನ್ನು ನಿಲ್ಲಿಸಿ, “ಅಂದ್ರ ನನ್ನ ಧ್ಯಾನದಾಗ ಏನೂ ತಪ್ಪಿರಲಿಲ್ಲ?” ಎಂದಳು. ಇಲ್ಲ ಎಂದೆ. “ಚೀಟಿ ಬರಿಯೋ ಹೊತ್ತಿನ್ಯಾಗ ನಾ ನೆನಪಿಗೇ ಬಂದಿರ್ಲಿಲ್ಲಾಂತ ಆತು” ಎಂದಳು. ಈ ದಿಕ್ಕಿನಿಂದ ಏಟು ಬೀಳುತ್ತದೆ ಎಂದು ನಾನು ಊಹಿಸಿರಲಿಲ್ಲ. ನೀನು ನೆನಪಿಗೆ ಬಂದಿದ್ದಿ, ಆದರೂ ನಾನು ಸರಿಯಾಗಿ ಬರೆದಿದ್ದೆ ಎಂದು ಏನೇನೋ ತೊದಲಿದೆ. ಅವಳು ನಕ್ಕು, ಆಮೇಲೆ ಗಂಭೀರವಾಗಿ, “ಹೋಗ್ಲಿ ಬಿಡ್ರಿ. ಈಗರೆ ಖರೆ ಬರೀರಿ. ಯಾರರೆ ಕೇಳಿದ್ರ ಆ ಗುಮಾಸ್ತ ನಾನೇ ಅಂತ ಹೇಳಿಬಿಡ್ರಿ, ಮನಸ್ಸಿಗಿ ಹಗುರಾಗ್ತದ” ಎಂದಳು. ನಾನೂ ಹಾಗೆಯೇ ನಿಶ್ಚಯಿಸಿದೆ. ದೇವರಾಣೆ, ಮನಸ್ಸಿನಿಂದಲೇ ನಿಶ್ಚಯಿಸಿದೆ.

ಅಧ್ಯಾಯವನ್ನು ಮೊದಲಿನಿಂದ ಮತ್ತೆ ಬರೆದೆ. ಗಂಟು ಅದಲುಬದಲು ಇಟ್ಟ ಮ್ಯಾನೇಜರು, ತಪ್ಪನ್ನು ನೇರವಾಗಿ ಒಪ್ಪಿಕೊಂಡದ್ದು, ತಪ್ಪು ತನ್ನದೇ ಎಂದು ನಂಬಿದ್ದರೂ ಬಾಯಿ ಬಿಡದ ಗುಮಾಸ್ತ, ಅವನು ಬರಲೆಂದು ಕಾದ ನಾಲ್ಕು ದಿನ, ಎಲ್ಲವನ್ನೂ ಹಾಕಿದೆ. ಪೇಡೆಯನ್ನೂ ಬಿಡಲಿಲ್ಲ. ಇಡೀ ವರದಿಯಲ್ಲಿ ನಾನು ಪುಸ್ತಕ ನೋಡದೆ ಬರೆದದ್ದು ಅದೊಂದೇ ಭಾಗ. ಮೇಡಂ ಓದಿ, “ಸರ್, ಇದು ಬೇರೆಯೇ ಆಗಿದೆ” ಎಂದಷ್ಟೇ ಹೇಳಿ ಮೌಖಿಕ ಪರೀಕ್ಷೆಗೆ ಕಳಿಸಿದರು.

ಪರೀಕ್ಷೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಹೋದೆ. ಹೊರ ಊರಿನಿಂದ ಬಂದ ಪರೀಕ್ಷಕರು ನಿವೃತ್ತಿಗೆ ಹತ್ತಿರವಾದ ಗಂಭೀರ ಮನುಷ್ಯ. ಪಕ್ಕದಲ್ಲಿ ಮೇಡಂ. ನನ್ನ ಹಿಂದೆ ಸಾಲಾಗಿ ನನ್ನ ಸಹಪಾಠಿಗಳು, ನನ್ನನ್ನು ಅಂಕಲ್ ಎಂದು ಕರೆಯುವ, ಕಚೇರಿಯ ಮ್ಯಾನೇಜರೆಂದು ಗೌರವ ಕೊಡುವ ಮಕ್ಕಳು. ಸಿದ್ಧಾಂತದ ಪ್ರಶ್ನೆಗಳಿಗೆ ತಡವರಿಸಿ ಉತ್ತರಿಸಿದೆ. ಆಮೇಲೆ ಅವರು ಆ ಅಧ್ಯಾಯ ತೆರೆದು, “ಇದು ಬಹಳ ಚೆನ್ನಾಗಿದೆ. ನಾಯಕನ ಬಗ್ಗೆ ಎಲ್ಲರೂ ಬರೀತಾರೆ, ಸುಮ್ಮನೆ ನಿಂತವನ ಬಗ್ಗೆ ಯಾರೂ ಬರೆಯೋದಿಲ್ಲ. ಈ ಗುಮಾಸ್ತನ ಮನಸ್ಸು ನಿಮಗೆ ಇಷ್ಟು ಚೆನ್ನಾಗಿ ಹೇಗೆ ಸಿಕ್ಕಿತು? ಆತನನ್ನೂ ಭೇಟಿಯಾಗಿ ಮಾತಾಡಿಸಿದಿರಾ?” ಎಂದು ಕೇಳಿದರು.

ಇದೇ ಆ ಕ್ಷಣ. ಎರಡು ಮಾತು ಹೇಳಿದರೆ ಮುಗಿಯುತ್ತಿತ್ತು. ಬಾಯಿ ತೆರೆದೆ. ಮೇಡಂ ಮೆಚ್ಚುಗೆಯಿಂದ ನೋಡುತ್ತಿದ್ದರು, ಹಿಂದಿನ ಸಾಲಿನಲ್ಲಿ ಯಾರೋ ಪೆನ್ನು ಬಿಚ್ಚಿಕೊಂಡು ಕಾಯುತ್ತಿದ್ದರು, ಹೊರಗೆ ಬಸ್ಸೊಂದು ಹಾರ್ನ್ ಹೊಡೆಯಿತು. ಸಂತಪುರದಲ್ಲಿ ನಾನೇ ಕೇಳಿದ್ದೆನಲ್ಲ, ಯಾಕೆ ಹೇಳಲಿಲ್ಲ ಎಂದು.

“ಪ್ರಯತ್ನ ಮಾಡೀನ್ರಿ ಸರ್” ಎಂದೆ. “ಅಂವಾ ಬಾಯಿ ಬಿಡ್ಲಿಲ್ಲ.”

ಪರೀಕ್ಷಕರು ಅರ್ಥವಾಯಿತು ಎಂಬಂತೆ ತಲೆದೂಗಿ, “ಅಂಥವರು ಹಾಗೇ” ಎಂದು ಅಂಕ ಬರೆದುಕೊಂಡರು. ನಾಯಕತ್ವದ ಪೇಪರಿನಲ್ಲಿ ಇಡೀ ತರಗತಿಗೆ ನಾನೇ ಮೊದಲಿಗ.